ಹಳೇ ಪೋರ್ಶೆ 911ರ ಅಲ್ಯೂಮಿನಿಯಂ ನಟ್‌ಗಳಿಗೆ ಉಪ್ಪುಗಾಳಿ ಹಿಡಿದಿದೆ, ಏನು ಮಾಡಲಿ?

ಪ್ರಶ್ನೆ (ಕಾರವಾರ):
ಮನೆ ಟಾಗೋರ್ ಕಡಲತೀರದ ಹತ್ತಿರ. ಕಾರು ಮಾವನದು, ಎಂಬತ್ತರ ದಶಕದ್ದು. ಚಕ್ರದ ನಟ್‌ಗಳ ಮೇಲೆ ಬಿಳಿ ಪುಡಿ ಎದ್ದಿದೆ, ಅಂಚುಗಳಲ್ಲಿ ಬಣ್ಣ ಹೋಗಿ ಬರೀ ಲೋಹ ಕಾಣುತ್ತಿದೆ. ಸ್ಪ್ರೇ ಪೇಂಟ್ ಹೊಡೆದರೆ ಸಾಕಾ? ಇವು ಕಾರಿನ ಜೊತೆಗೇ ಬಂದವು, ಬದಲಾಯಿಸಲು ಮನಸ್ಸಿಲ್ಲ.

ಉತ್ತರ (ಸದಾಶಿವಗಡ):
ಉಳಿಸಿಕೊಳ್ಳಿ, ಖಂಡಿತ ಆಗುತ್ತದೆ. ಆದರೆ ಮೊದಲು ಒಂದು ನಟ್ ಬಿಚ್ಚಿ ತಿರುಗಿಸಿ ನೋಡಿ. ಚಕ್ರಕ್ಕೆ ಕೂರುವ ಗುಂಡನೆಯ ಮುಖದಲ್ಲಿ ಗುಳಿ ಬಿದ್ದಿದ್ದರೆ, ಮಾವನ ನೆನಪಿಗೆ ಅದನ್ನು ಡಬ್ಬಿಯಲ್ಲಿಡಿ, ಕಾರಿಗೆ ಬೇಡ. ಸ್ಟಡ್, ಅಂದರೆ ನಟ್ ತಿರುಗಿಸಿ ಕೂರಿಸುವ ಬೋಲ್ಟ್, ಉಕ್ಕು; ನಟ್ ಅಲ್ಯೂಮಿನಿಯಂ. ನಡುವೆ ಉಪ್ಪುನೀರು ಸೇರಿದರೆ ಮೊದಲು ಸವೆಯುವುದು ಅಲ್ಯೂಮಿನಿಯಮ್ಮೇ.

ಉಕ್ಕಿನ ಬ್ರಷ್ ಮುಟ್ಟಿಸಬೇಡಿ, ಅದರ ಚೂರು ಅಲ್ಲೇ ಕೂತು ತುಕ್ಕು ಹಿಡಿಯುತ್ತದೆ. ನೈಲಾನ್ ಬ್ರಷ್, ಸೋಪುನೀರು, ಆಮೇಲೆ ನಯವಾದ ಮರಳು ಕಾಗದ. ಪೇಂಟ್‌ಗಿಂತ ಮತ್ತೆ ಅನೋಡೈಸ್ (ವಿದ್ಯುತ್ ಹರಿಸಿ ಅಲ್ಯೂಮಿನಿಯಂ ಮೇಲೆ ಗಟ್ಟಿ ಆಕ್ಸೈಡ್ ಪದರ ಬೆಳೆಸುವುದು) ಮಾಡಿಸುವುದೇ ಒಳ್ಳೆಯದು. ಪೇಂಟೇ ಮಾಡುವುದಾದರೆ ಆ ಗುಂಡನೆಯ ಮುಖಕ್ಕೂ ಥ್ರೆಡ್‌ಗೂ ಒಂದು ಹನಿಯೂ ತಾಗಬಾರದು. ಅಲ್ಲಿನ ಪೇಂಟ್ ಒತ್ತಿ ತೆಳುವಾದರೆ ಬಿಗಿ ಸಡಿಲವಾಗುತ್ತದೆ.

ಉತ್ತರ (ಶಿರಸಿ):
ಬಿಗಿ ಮಾಡುವಾಗ ಟಾರ್ಕ್ ರೆಂಚಲ್ಲಿ (ತಿರುಗಿಸುವ ಬಲ ಅಳೆಯುವ ಸ್ಪ್ಯಾನರ್) 130 ನ್ಯೂಟನ್ ಮೀಟರ್. ಸ್ವಲ್ಪ ಓಡಿಸಿ ಮತ್ತೆ ನೋಡಿ. ಟಯರ್ ಅಂಗಡಿಯ ನಟ್ ಬಿಗಿಸುವ ಗಾಳಿ ಗನ್ ಬೇಡವೇ ಬೇಡ. ಒಳಗೆ ಪ್ಲಾಸ್ಟಿಕ್ ಇರುವ 19 ಎಂಎಂ ಸಾಕೆಟ್ ನೀವೇ ಕೊಂಡೊಯ್ಯಿರಿ.

ಪ್ರಶ್ನೆ ಕೇಳಿದವರು:
ಥ್ರೆಡ್‌ಗೆ ಗ್ರೀಸ್?

ಉತ್ತರ (ಸದಾಶಿವಗಡ):
ಸುಮ್ನೆ ಮೆತ್ತಬೇಡಿ. ಜಾರಿಕೆ ಹೆಚ್ಚಾದರೆ ಅದೇ ಟಾರ್ಕಿಗೆ ಸ್ಟಡ್ ಮೇಲೆ ಜಾಸ್ತಿ ಎಳೆತ ಬೀಳುತ್ತದೆ. ಕೈಪಿಡಿ ಹೇಳಿದಷ್ಟೇ ಹಾಕಿ. ಕಡಲ ದಂಡೆಯಿಂದ ಬಂದ ದಿನ ಚಕ್ರಕ್ಕೆ ಸಿಹಿನೀರು ಬಿಡಿ, ಒಣಗಿದ ಮೇಲೆ ನಟ್‌ನ ಹೊರಮೈಗೆ ಮೇಣ ಒರೆಸಿ.