ಪುಣೆಯ ಫ್ಲ್ಯಾಟಿಗೆ ಜ್ಯಾಕ್ ರಸೆಲ್ ತರಬಹುದೇ? ಸಾಕಿದವರು ಹೇಳಿ

ಬಾಣೇರ್, ಪುಣೆ:
ಗೆಳೆಯರ ಮನೆಯಲ್ಲಿ ಜ್ಯಾಕ್ ರಸೆಲ್ ಟೆರಿಯರ್ ನೋಡಿದಾಗಿನಿಂದ ಮಗಳು ಹಟ ಹಿಡಿದಿದ್ದಾಳೆ. ಅವಳಿಗೆ 8 ವರ್ಷ. ನಮ್ಮದು ನಾಲ್ಕನೇ ಮಹಡಿ, ಎರಡು ಬೆಡ್‌ರೂಮು, ಬಾಲ್ಕನಿಯಲ್ಲಿ ಲವ್ ಬರ್ಡ್ಸ್ ಪಂಜರ. ನಾವಿಬ್ಬರೂ ಕೆಲಸಕ್ಕೆ ಹೋಗುತ್ತೇವೆ, ಅತ್ತೆ ಮನೆಯಲ್ಲಿರುತ್ತಾರೆ. ಸಣ್ಣ ಮನೆಗೆ ಸಣ್ಣ ನಾಯಿ ಸರಿಹೋದೀತು ಅಂದುಕೊಂಡಿದ್ದೇನೆ.

ಕೋಥ್ರೂಡ್, ಪುಣೆ:
ಸಣ್ಣದು ಅನ್ನುವ ಲೆಕ್ಕವನ್ನೇ ಬಿಟ್ಟುಬಿಡಿ. ನಮ್ಮ ಹೆಣ್ಣು ನಾಯಿಗೀಗ 6 ವರ್ಷ, ಎತ್ತರ 28 ಸೆಂಟಿಮೀಟರ್, ತೂಕ 6 ಕಿಲೋ ಒಳಗೆ. ಮೊದಲ ಆರು ತಿಂಗಳು ಮಡಿಲಲ್ಲಿ ಕೂರಿಸಿಕೊಂಡೇ ಸಾಕಿದೆವು. ಸೋಫಾದ ಸ್ಪಂಜು ಹೊರಗೆ ಬಂತು, ತುಳಸಿ ಕುಂಡದ ಮಣ್ಣು ಮೂರು ಸಲ ಹಾಲ್ ಸೇರಿತು, ಬೊಗಳಾಟ ತಾಳದೆ ಕೆಳಗಿನ ಮನೆಯವರು ಸೊಸೈಟಿಗೆ ಪತ್ರ ಬರೆದರು.

ಆಮೇಲೆ ಇದರ ಕುಲಗೋತ್ರ ಕೆದಕಿದೆ. ಇಂಗ್ಲೆಂಡಿನ ಡೆವನ್ ಕಡೆಯ ಪಾದ್ರಿ ಜಾನ್ ರಸೆಲ್ (1795–1883) ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದಾಗ ಹಾಲು ಮಾರುವವನೊಬ್ಬನಿಂದ ಟ್ರಂಪ್ ಎಂಬ ಬಿಳಿ ಹೆಣ್ಣು ನಾಯಿ ಕೊಂಡರಂತೆ. ತಳಿಯ ಕತೆ ಅಲ್ಲಿಂದ ಶುರು. ಕೆಲಸ ಇಷ್ಟೇ: ಬಿಲ ಹೊಕ್ಕ ನರಿಯ ಹಿಂದೆಯೇ ನುಗ್ಗಿ, ಬೊಗಳಿ ಬೊಗಳಿ ಹೊರಗಟ್ಟಬೇಕು, ಕೊಲ್ಲಬಾರದು. ಟೆರಿಯರ್ ಅನ್ನುವ ಹೆಸರೂ ಮಣ್ಣಿನಿಂದಲೇ ಬಂದದ್ದು, ಲ್ಯಾಟಿನ್ನಿನ ‘ಟೆರಾ’. ಇವತ್ತಿಗೂ ಬಲ್ಲವರು ಮುಂಗಾಲಿನ ಹಿಂದೆ ಎದೆಯನ್ನು ಎರಡೂ ಕೈಯಲ್ಲಿ ಬಳಸಿ ಹಿಡಿದು ನೋಡುತ್ತಾರೆ. ಬೆರಳಿಗೆ ಬೆರಳು ತಾಗಿದರೆ ಬಿಲಕ್ಕೆ ಹಿಡಿಸೀತು ಎಂದರ್ಥ. ಬಿಲದೊಳಗೆ ಯಜಮಾನನ ಕೈಯೂ ಇಲ್ಲ, ಮಾತೂ ಇಲ್ಲ. ಅಗೆಯುವುದು, ಬೊಗಳುವುದು, ಕರೆದರೆ ಕೇಳಿಸದವಳಂತೆ ಹೋಗುವುದು, ಎಲ್ಲ ಅಲ್ಲಿಂದ ಬಂದ ಬಳುವಳಿ.

ಈಗ ಬೆಳಗ್ಗೆ 6ಕ್ಕೆ ವೇತಾಳ ಟೇಕಡಿ ಗುಡ್ಡದಲ್ಲಿ ಸುತ್ತಾಟ, ಒಂದು ಗಂಟೆ, ಉದ್ದ ಹಗ್ಗ ಕಟ್ಟಿಯೇ. ಒಂದೇ ಒಂದು ಸಲ ಬಿಟ್ಟಿದ್ದೆ. ನವಿಲಿನ ಹಿಂದೆ ಹೋದವಳು 40 ನಿಮಿಷ ಪತ್ತೆಯಿಲ್ಲ. ಬಾಲ್ಕನಿಯಲ್ಲಿ ಟಬ್ಬಿಗೆ ಮರಳು ತುಂಬಿಸಿ ಅವಳದ್ದೇ ಒಂದು ‘ಗದ್ದೆ’ ಮಾಡಿಕೊಟ್ಟಿದ್ದೇವೆ. ಅದರಲ್ಲಿ ತಿಂಡಿ ಹುಗಿದಿಟ್ಟರೆ ಅರ್ಧ ಗಂಟೆ ಮನೆ ತಣ್ಣಗೆ. ತುಳಸಿಯೂ ಚಿಗುರಿದೆ. (ಎಚ್‌ಎಂವಿ ಗ್ರಾಮಫೋನ್ ರೆಕಾರ್ಡಿನ ಚಿತ್ರದಲ್ಲಿ ಕೂತಿರುವ ನಾಯಿಯೂ ಟೆರಿಯರ್ ಬೆರಕೆಯೇ. ಅಷ್ಟು ಸುಮ್ಮನೆ ನಮ್ಮವಳು ಕೂತದ್ದನ್ನು ನಾನಂತೂ ಕಂಡಿಲ್ಲ.)

ಲವ್ ಬರ್ಡ್ಸ್ ಜೊತೆ ಇದನ್ನು ಇಡುವ ಧೈರ್ಯ ನನಗಿಲ್ಲ. ಹಕ್ಕಿಯೋ ನಾಯಿಯೋ, ಒಂದನ್ನು ಆರಿಸಿ.

ಪಿಂಪ್ರಿ (ಊರು ಬಾಗಲಕೋಟ ಕಡೆ):
ನಾವು ಊರಾಗ ಮುಧೋಳ ನಾಯಿ ಸಾಕಿದ ಮಂದಿ. ಮೊಲ ಕಂಡ್ರ ಗಾಳಿ ಹಂಗ ಹೊಕ್ಕಿತ್ತು, ಮನಿಗೆ ಬಂದ್ರ ಕೌದಿ ಮ್ಯಾಲ ಮುದುಕರ ಹಂಗ ಬೀಳತಿತ್ತು. ಇಲ್ಲಿ ಮಗಳ ಮನ್ಯಾಗ ಈ ಜ್ಯಾಕ್ ರಸೆಲ್ ಐತಿ, ದಣಿಯೂದ ಗೊತ್ತಿಲ್ಲ ಅದಕ್ಕ. ಶಾಣ್ಯಾ ಅಂದ್ರ ಭಾಳ ಶಾಣ್ಯಾ, ಮೂರ ದಿನದಾಗ ಫ್ರಿಜ್ ತಗಿಯೂದ ಕಲೀತು. ಬೈದ್ರ ಮಾರಿ ತಿರುವತೈತಿ, ಚೂರು ಪನೀರ್ ತೋರಿಸಿದ್ರ ಗಪ್ಪ ಕುಂದರತೈತಿ. ಹುಡುಗೂರು ಕಿವಿ ಜಗ್ಗಿದ್ರ ಮಾತ್ರ ತಡಕೊಳ್ಳೂದಿಲ್ಲ. 8 ವರ್ಷದ ಕೂಸಿಗೆ ಮೊದಲ ಅದನ್ನ ಹೇಳ್ರಿ.

ಮಾಟುಂಗಾ, ಮುಂಬೈ:
ನಮ್ಮ ಅನುಭವ ಹೆಗ್ಗಣದ್ದು. ಮೊದಲ ಮಳೆಗಾಲದಲ್ಲೇ ನಮ್ಮ ಗಂಡು ನಾಯಿ ಗಟಾರದ ಪಕ್ಕ ಒಂದನ್ನು ಹಿಡಿದು ತಂದು ಚಪ್ಪಲಿ ಸಾಲಿನಲ್ಲಿಟ್ಟ. ನಾವು ಬೆನ್ನು ತಟ್ಟಿದೆವು, ಡಾಕ್ಟರು ನಮಗೇ ಬೈದರು. ಇಲಿ-ಹೆಗ್ಗಣಗಳ ಮೂತ್ರ ಬೆರೆತ ನೀರಿನಿಂದ ಲೆಪ್ಟೊಸ್ಪೈರೋಸಿಸ್ ಬರುತ್ತದೆ, ನಾಯಿಯ ಕಿಡ್ನಿ-ಲಿವರ್ ಹಿಡಿಯುತ್ತದೆ, ಮನುಷ್ಯರಿಗೂ ಅಂಟುತ್ತದೆ. ವರ್ಷಕ್ಕೊಮ್ಮೆ ಲಸಿಕೆ, ಅದೂ ಜೂನ್‌ಗೆ ಮೊದಲು. ಎಲ್ಲ ಬಗೆಯ ಲೆಪ್ಟೊವನ್ನೂ ಅದು ತಡೆಯುವುದಿಲ್ಲ, ಹಾಗಾಗಿ ನಿಂತ ನೀರಿಗೆ ಇಳಿಸಬೇಡಿ.

ಓಡುತ್ತ ಓಡುತ್ತ ಹಿಂಗಾಲೊಂದನ್ನು ಎತ್ತಿಕೊಂಡು ಎರಡು ಹೆಜ್ಜೆ ಕುಪ್ಪಳಿಸಿ ಮತ್ತೆ ಸರಿಯಾಗಿ ಓಡಿದರೆ ನಗಬೇಡಿ, ಮಂಡಿಚಿಪ್ಪು ಜಾರುತ್ತಿರಬಹುದು. ಕಣ್ಣು ತಟ್ಟನೆ ಕೆಂಪಾಗಿ ಮಂಜಾದರೆ ಅವತ್ತೇ ತೋರಿಸಿ. ಕಣ್ಣಿನ ಮಸೂರ ಜಾರುವ ರೋಗ ಈ ತಳಿಯಲ್ಲಿದೆ. ಬಿಳಿ ಹೆಚ್ಚಿರುವ ಮರಿಯಾದರೆ ಬೆನ್ನ ಹಿಂದೆ ಚಪ್ಪಾಳೆ ತಟ್ಟಿ ನೋಡಿ, ಕಿವುಡಿರುವುದುಂಟು.

ಮರಿ ಕೊಟ್ಟವರು ನಮಗೆ ತಾಯಿನಾಯಿಯನ್ನು ತೋರಿಸಲೇ ಇಲ್ಲ, ನಾವೂ ಪೆದ್ದರ ಹಾಗೆ ಕೇಳಲಿಲ್ಲ. 2017ರ ನಿಯಮದ ಪ್ರಕಾರ 8 ವಾರ ತುಂಬದ ಮರಿ ಮಾರುವಂತಿಲ್ಲ, ಮಾರುವವರಿಗೆ ನೋಂದಣಿ ಇರಬೇಕು. ಎರಡನ್ನೂ ಕೇಳಿ.

ಪೋಂಡಾ, ಗೋವಾ:
ತೋಟದ ಮನೆಗೆ ಒಳ್ಳೆಯದು ಅಂತ ಯಾರೋ ಹೇಳಿದರು, ತಂದೆವು. ಇಲಿ ಕಾಟ ನಿಂತದ್ದು ನಿಜ. ಆದರೆ ಗೇರುಮರದ ಬುಡದಲ್ಲಿ ನಾಗರಹಾವು ಹೆಡೆ ಎತ್ತಿದಾಗಲೂ ಅದು ಹಿಂದೆ ಸರಿಯಲಿಲ್ಲ. 4 ವರ್ಷ ಇತ್ತು ನಮ್ಮ ಜೊತೆ.

ಬಾಣೇರ್:
ಎಲ್ಲರಿಗೂ ವಂದನೆ. ಗೋವಾದವರ ಮಾತು ಓದಿ ಅತ್ತೆ ತುಂಬ ಹೊತ್ತು ಸುಮ್ಮನಿದ್ದರು. ಹಕ್ಕಿ ಯಾರಿಗೂ ಕೊಡುವುದಿಲ್ಲ ಅಂತ ಮಗಳು ಮುಖ ಊದಿಸಿದ್ದಾಳೆ. ಕೋಥ್ರೂಡಿನವರೇ, ಭಾನುವಾರ ಅವಳನ್ನು ಟೇಕಡಿಗೆ ಕರೆತರಲೇ? 6ಕ್ಕೆ ಎದ್ದರೆ ಅರ್ಧ ಪರೀಕ್ಷೆ ಪಾಸು.

ಕೋಥ್ರೂಡ್:
ಬನ್ನಿ, ವಾಹನ ಸಂಶೋಧನಾ ಸಂಸ್ಥೆ ಎಆರ್‌ಎಐ ಕಡೆಯಿಂದ ಹತ್ತಿ. ಹಗ್ಗ ಅವಳ ಕೈಗೇ ಕೊಡುತ್ತೇನೆ. ಬಿಳಿ ಬಟ್ಟೆ ಮಾತ್ರ ಬೇಡ.