ವ್ಯಾಗನ್ ಆರ್‌ಗೆ ಹೊರಗಿನ ಆರ್‌ಪಿಎಂ ಮೀಟರ್, ಸಿಗ್ನಲ್ ವೈರ್ ಎಲ್ಲಿಗೆ ಕೊಡೋದು?

ಘಾಟಿ_ಸವಾರ:
ನಮಸ್ಕಾರ ಎಲ್ರಿಗೂ. ನಂದು 2014ರ ವ್ಯಾಗನ್ ಆರ್ ಎಲ್‌ಎಕ್ಸ್‌ಐ, ಕೆ10ಬಿ ಪೆಟ್ರೋಲ್ ಎಂಜಿನ್, ಡ್ಯಾಶ್‌ಬೋರ್ಡಲ್ಲಿ ಆರ್‌ಪಿಎಂ ಮೀಟರ್ ಇಲ್ಲ. ಶಿರಾಡಿ ಇಳೀವಾಗ ಸೆಕೆಂಡ್ ಗೇರಲ್ಲಿ ಎಂಜಿನ್ ಎಷ್ಟು ತಿರುಗ್ತಿದೆ ಅಂತ ಕಣ್ಣಿಗೆ ಕಾಣ್ಬೇಕು ಅಂತ ಜೆಸಿ ರೋಡಿಂದ ಒಂದು ಮುಳ್ಳಿನ ಮೀಟರ್ ತಂದೆ. ಕೆಂಪು, ಕಪ್ಪು, ಬಿಳಿ, ಹಸಿರು ವೈರ್, ಹಿಂದ್ಗಡೆ 4-6-8 ಸಿಲಿಂಡರ್ ಸ್ವಿಚ್. ಹಸಿರು ವೈರ್ ಇಗ್ನಿಷನ್ ಕಾಯಿಲ್ (ಪ್ಲಗ್‌ಗೆ ಕಿಡಿ ಕೊಡೋದು) ನೆಗೆಟಿವ್‌ಗೆ ಅಂತ ಚೀಟೀಲಿದೆ, ಆದ್ರೆ ಬಾನೆಟ್ ಎತ್ತಿದ್ರೆ ಮೂರು ಪ್ಲಗ್ ಮೇಲೆ ಮೂರು ಕಾಯಿಲ್ ಕೂತಿದೆ, ಒಂದೊಂದಕ್ಕೂ ಮೂರ್ಮೂರು ವೈರ್. ಇಸಿಯುಗೆ (ಎಂಜಿನ್ ನಡೆಸೋ ಕಂಪ್ಯೂಟರ್) ಏನಾದ್ರೂ ಆದ್ರೆ ಅಂತ ಭಯ, ಯಾರಾದ್ರೂ ಹೇಳಿ.

ಕಾರ್ಬ್_ಪ್ರೇಮಿ:
ಹಳೇ ಕಾರ್ಬುರೇಟರ್ ಮಾರುತಿ 800ಗೆ ನಾನು ಹಾಕಿದೀನಿ ಗುರು, ಕಾಯಿಲ್ ಮೈನಸ್‌ಗೆ ಹಸಿರು ಸುತ್ತಿದ್ರೆ ಮುಗೀತು.

ವೈರಿಂಗ್_ಮಂಜ:
ಅದು ಡಿಸ್ಟ್ರಿಬ್ಯೂಟರ್ ಇರೋ ಗಾಡೀಗೆ ಸರಿ ಅಣ್ಣ, ಅಲ್ಲಿ ಒಂದೇ ಕಾಯಿಲ್ ಎಲ್ಲಾ ಸಿಲಿಂಡರಿಗೂ ಕಿಡಿ ಕೊಡುತ್ತೆ, ಮೈನಸ್‌ನಲ್ಲಿ ನೂರಾರು ವೋಲ್ಟ್ ಏಟು ಬರುತ್ತೆ, ಮೀಟರ್ ಅದನ್ನ ಎಣಿಸುತ್ತೆ. ಇವರದ್ದರಲ್ಲಿ ಮೂರು ವೈರ್ ಇದೆ ಅಂದ್ರೆ ಇಗ್ನೈಟರ್ (ಕಾಯಿಲನ್ನ ಆನ್-ಆಫ್ ಮಾಡೋ ಸ್ವಿಚ್) ಕಾಯಿಲ್ ಒಳಗೇ ಇದೆ, ಒಂದು 12 ವೋಲ್ಟ್, ಒಂದು ಅರ್ತ್, ಮೂರನೇದು ಇಸಿಯುಯಿಂದ ಬರೋ ಸುಮಾರು 5 ವೋಲ್ಟಿನ ಟ್ರಿಗರ್, ಅಂದ್ರೆ ಈಗ ಕಿಡಿ ಕೊಡು ಅನ್ನೋ ಸಿಗ್ನಲ್. ಕಾಯಿಲ್ ನೆಗೆಟಿವ್ ಹೊರಗೆ ಸಿಗೋದೇ ಇಲ್ಲ. ಟ್ರಿಗರಿಗೆ ಹಸಿರು ಜೋಡಿಸಿದ್ರೆ ಕೆಲವು ಮೀಟರಿಗೆ ಆ 5 ವೋಲ್ಟ್ ಸಾಲಲ್ಲ, ಮೀಟರ್ ಆ ವೈರಿನ ವೋಲ್ಟೇಜ್ ಕೆಳಗೆ ಎಳೆದ್ರೆ ಆ ಸಿಲಿಂಡರ್ ಮಿಸ್ ಹೊಡೆಯುತ್ತೆ, ಅಕಸ್ಮಾತ್ 12 ವೋಲ್ಟ್ ತಾಗಿದ್ರೆ ಇಸಿಯು ಒಳಗೆ ಆ ಸಿಗ್ನಲ್ ಕಳಿಸೋ ಸರ್ಕ್ಯೂಟೇ ಹೋಗ್ಬೋದು. ದಯವಿಟ್ಟು ಅದನ್ನ ಮುಟ್ಟಬೇಡಿ, ಎಂಜಿನ್ ತಿರುಗೋದನ್ನ ಇಸಿಯುಗೆ ತಿಳಿಸೋ ಕ್ರ್ಯಾಂಕ್ ಸೆನ್ಸರ್ ವೈರನ್ನಂತೂ ಮುಟ್ಟಲೇಬೇಡಿ.

ಇನ್ನೊಂದು, ಲೆಕ್ಕವೂ ಕೂಡಲ್ಲ. ಫೋರ್ ಸ್ಟ್ರೋಕಲ್ಲಿ ಒಂದು ಕಾಯಿಲ್ ಎರಡು ಸುತ್ತಿಗೆ ಒಂದು ಸಲ ಹೊಡೆಯೋದು, 4 ಸಿಲಿಂಡರ್ ಸೆಟ್ಟಿಂಗ್ ಒಂದು ಸುತ್ತಿಗೆ ಎರಡು ಪಲ್ಸ್ ಕೇಳುತ್ತೆ, ಹಾಗಾಗಿ ನಿಜವಾದ 3000ಕ್ಕೆ ಮುಳ್ಳು 750 ತೋರ್ಸುತ್ತೆ. ಮೂರೂ ಕಾಯಿಲಿಂದ ಪಲ್ಸ್ ಸೇರಿಸಿ ಕೊಡೋ ಟ್ಯಾಕೋ ಅಡಾಪ್ಟರ್ ಹಾಕಿದ್ರೂ ಸುತ್ತಿಗೆ ಒಂದೂವರೆ ಪಲ್ಸ್ ಅಷ್ಟೇ, 3000ಕ್ಕೆ 2250. 3 ಸಿಲಿಂಡರ್ ಸೆಟ್ಟಿಂಗ್ ಇಲ್ಲದ ಮೀಟರ್ ನಿಮ್ಮ ಗಾಡೀಗೆ ಆಗಲ್ಲ, ವಾಪಸ್ ತಗೊಂಡ್ರೆ ಕೊಟ್ಬಿಡಿ.

ಸ್ಕ್ಯಾನರ್_ಸ್ವಾಮಿ:
ಮಂಜಣ್ಣ ಹೇಳಿದ್ದು ನೂರಕ್ಕೆ ನೂರು. 2013 ಏಪ್ರಿಲ್‌ನಿಂದ ಬಿಎಸ್-4 (ಹೊಗೆ ನಿಯಮ) ಕಾರುಗಳಿಗೆ ಒಬಿಡಿ-2 (ಇಸಿಯು ಡೇಟಾ ಹೊರಗಿಂದ ಓದೋ ವ್ಯವಸ್ಥೆ) ಕಡ್ಡಾಯ ಆಗಿದೆಯಲ್ಲ, ಸ್ಟೇರಿಂಗ್ ಕೆಳಗೆ 16 ಪಿನ್ ಸಾಕೆಟ್ ನೋಡಿ, ಅಲ್ಲಿಗೆ ಸಿಗಿಸೋ ಒಬಿಡಿ ಮೀಟರ್ ತಗೊಳ್ಳಿ. ಇಸಿಯು ಲೆಕ್ಕ ಹಾಕಿದ ಆರ್‌ಪಿಎಂನೇ ತೋರಿಸುತ್ತೆ, ಸಿಲಿಂಡರ್ ಗೊಡವೆ ಇಲ್ಲ, ಒಂದು ವೈರೂ ಸುಲಿಯೋ ಹಾಗಿಲ್ಲ.

ಘಾಟಿ_ಸವಾರ:
ತುಂಬಾ ಥ್ಯಾಂಕ್ಸ್ ಇಬ್ರಿಗೂ. ಒಬಿಡಿ ಮೀಟರ್ ಲೇಟಾಗಿ ತೋರ್ಸುತ್ತೆ ಅಂತಾರಲ್ಲ, ಘಾಟಿಗೆ ನಡೆಯುತ್ತಾ?

ಸ್ಕ್ಯಾನರ್_ಸ್ವಾಮಿ:
ರೇಸಿಗೆ ಅದು ಕಷ್ಟ, ಮೀಟರ್ ಇಸಿಯುನ ಕೇಳಿ ಕೇಳಿ ಡೇಟಾ ತರೋದ್ರಿಂದ ಸ್ವಲ್ಪ ಹಿಂದೆ ಇರುತ್ತೆ. ಇಳಿಜಾರಲ್ಲಿ ಒಂದೇ ಗೇರಲ್ಲಿ ಇಳೀವಾಗ ಆರ್‌ಪಿಎಂ ಥಟ್ ಅಂತ ಬದಲಾಗಲ್ಲ, ಧಾರಾಳ ಸಾಕು. ಗಾಡಿ ವಾರಗಟ್ಲೆ ನಿಲ್ಸೋದಾದ್ರೆ ಮಾತ್ರ ಕಿತ್ತಿಡಿ, ಆ ಸಾಕೆಟ್ಟಿಗೆ ಬ್ಯಾಟರಿ ಸಪ್ಲೈ ಯಾವಾಗ್ಲೂ ಇರುತ್ತೆ.