ಅತ್ತಿಗೆ ಫೋನು ಕೂಗಿತು, ನನ್ನದು ಯಾಕೆ ಕೂಗಲಿಲ್ಲ?

ಕೇಳಿದವರು, ಮೂಡಿಗೆರೆ ಕಡೆ:
ಮೊನ್ನೆ ಮಳೆ ಜೋರಾದಾಗ ಅತ್ತಿಗೆಯ ಫೋನು ಬೊಬ್ಬೆ ಹೊಡೆದು ಸರ್ಕಾರದ ಮಳೆ ಎಚ್ಚರಿಕೆ ತೋರಿಸಿತು. ಪಕ್ಕದಲ್ಲೇ ಇದ್ದ ನನ್ನದು ತೆಪ್ಪಗಿತ್ತು. ಎರಡೂ ಆಂಡ್ರಾಯ್ಡ್. ನಂಬರ್ ಎಲ್ಲಾದರೂ ಕೊಡಬೇಕಾ? ಗೊತ್ತಿದ್ದವರು ಹೇಳಿ.

ಸಕಲೇಶಪುರದಿಂದ:
ನಂಬರ್ ಕೊಡುವುದೇನೂ ಬೇಡ ಅಕ್ಕ. ಇದು ಎಸ್‌ಎಂಎಸ್ ಅಲ್ಲ, ಸೆಲ್ ಬ್ರಾಡ್‌ಕಾಸ್ಟ್. ಟವರಿನಿಂದ ಆ ಜಾಗದ ಎಲ್ಲ ಫೋನಿಗೂ ಒಟ್ಟಿಗೆ ಬಿಡುತ್ತಾರೆ. ಡೇಟಾ ಆಫ್ ಇದ್ದರೂ ಬರುತ್ತದೆ. ಸೆಟ್ಟಿಂಗ್ಸ್ ತೆರೆದು ಮೇಲೆ ಹುಡುಕುವ ಜಾಗದಲ್ಲಿ 'ವೈರ್‌ಲೆಸ್ ಎಮರ್ಜೆನ್ಸಿ ಅಲರ್ಟ್ಸ್' ಅಂತ ಹಾಕಿ ನೋಡಿ. ಒಂದೊಂದು ಕಂಪನಿ ಫೋನಿನಲ್ಲಿ ಒಂದೊಂದು ಮೂಲೆಯಲ್ಲಿ ಬಚ್ಚಿಟ್ಟಿರುತ್ತಾರೆ. ನನ್ನ ಫೋನಿನಲ್ಲಿ ಆಫ್ ಆಗಿತ್ತು. ಆಟಕ್ಕೆ ತೊಂದರೆ ಅಂತ ಮಗರಾಯನೇ ಆಫ್ ಮಾಡಿದ್ದ!

ಹಾಸನದಿಂದ:
2023ರ ಅಕ್ಟೋಬರ್ 12ರಂದು ಕರ್ನಾಟಕದಲ್ಲಿ ಇದರ ಪರೀಕ್ಷೆ ಮಾಡಿದ್ದರು, ನೆನಪಿದೆಯಾ? ಆಫೀಸಿನಲ್ಲಿ ಎಲ್ಲರ ಫೋನೂ ಕಿರುಚಿತು, ನನ್ನದು ಇಲ್ಲ. ಚಾರ್ಜ್ ಉಳಿಯಲಿ ಅಂತ ಏರೋಪ್ಲೇನ್ ಮೋಡ್ ಹಾಕಿದ್ದೆ. ಆಮೇಲೆ ತೆಗೆದರೂ ಬರಲಿಲ್ಲ. ಎಸ್‌ಎಂಎಸ್ ಹಾಗೆ ಇದು ನಮಗಾಗಿ ಕಾದು ಕೂರುವುದಿಲ್ಲ. ಐಫೋನ್ ಇದ್ದವರು ಈ ಎಚ್ಚರಿಕೆ ಆನ್ ಇದೆಯಾ ಅಂತ ಸೆಟ್ಟಿಂಗ್ಸ್‌ನ ನೋಟಿಫಿಕೇಷನ್ಸ್ ಒಳಗೆ ಕೊನೆಯವರೆಗೂ ಇಳಿದು ನೋಡಿ.

ಕಳಸದಿಂದ:
ಸೆಟ್ಟಿಂಗ್ ಸರಿಯಿದ್ದರೂ ನಮ್ಮ ಕಡೆ ಸಮಸ್ಯೆ ಬೇರೆ. ತೋಟದ ಮನೆಯಲ್ಲಿ ನಾವು ಮಾತಾಡುವುದು ವೈಫೈ ಕಾಲ್‌ನಲ್ಲಿ. ಫೋನು ಚೆನ್ನಾಗೇ ಇದೆ ಅನ್ನಿಸುತ್ತದೆ, ಆದರೆ ಟವರ್ ಸಿಗ್ನಲ್ ಇರುವುದೇ ಇಲ್ಲ. ವೈಫೈಗೆ ಈ ಎಚ್ಚರಿಕೆ ಬರುವುದಿಲ್ಲ. ಮೂರು ದಿನ ಕರೆಂಟಿಲ್ಲದೆ ಟವರೇ ಮಲಗಿದರಂತೂ ಯಾರಿಗೂ ಇಲ್ಲ. ಒಂದು ಕೇಳುತ್ತೇನೆ, ನಿಮ್ಮ ಅತ್ತಿಗೆಯದು ಬೇರೆ ಕಂಪನಿ ಸಿಮ್ಮಾ? ಆ ಕಂಪನಿಯ ಟವರ್ ನಿಮ್ಮಲ್ಲಿ ಸಿಗುತ್ತಿರಬಹುದು.
ಅದಕ್ಕೇ ವೈಫೈ ಇರುವಾಗ ಉಪಯೋಗಕ್ಕೆ ಅಂತ ಸಚೇತ್ ಆ್ಯಪ್ ಹಾಕಿಕೊಂಡಿದ್ದೇನೆ, ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ್ದು. ಸಿಡಿಲಿಗೆ ದಾಮಿನಿ ಅಂತ ಇನ್ನೊಂದು ಆ್ಯಪ್. 20ರಿಂದ 40 ಕಿಲೋಮೀಟರ್ ಒಳಗೆ ಸಿಡಿಲಿದ್ದರೆ ಹೇಳುತ್ತದೆ. ಆದರೆ ಎರಡಕ್ಕೂ ನೆಟ್ ಬೇಕು. 2019ರ ಆಗಸ್ಟ್‌ನಲ್ಲಿ ಮಲೆಮನೆ ಕಡೆ ಗುಡ್ಡ ಜರಿದ ಮೇಲೆ, ರಾತ್ರಿ ಹಳ್ಳದ ಸದ್ದು ಬದಲಾದರೆ ನಾವು ಫೋನ್ ನೋಡುತ್ತಾ ಕೂರುವುದಿಲ್ಲ. ಎದ್ದು ಮೇಲಿನ ಮನೆಗೆ ಹೋಗುತ್ತೇವೆ.

ಕೇಳಿದವರು:
ಸೆಟ್ಟಿಂಗ್ ಆನ್ ಇದೆ. ಅತ್ತಿಗೆಯದು ಬೇರೆ ಸಿಮ್ಮೇ! ನಮ್ಮ ಮನೆ ತಗ್ಗಿನಲ್ಲಿದೆ, ನಾವೂ ವೈಫೈ ಕಾಲ್ ಗಿರಾಕಿಗಳೇ. ಎರಡನೇ ಸಿಮ್ ಅವರ ಕಂಪನಿಯದೇ ಹಾಕಿಸುತ್ತೇನೆ. ಅಲ್ಲಿಯವರೆಗೆ ರಾತ್ರಿ ಫೋನು ಅಟ್ಟದ ಕಿಟಕಿಯಲ್ಲಿ, ಅಲ್ಲಿ ಎರಡು ಕಡ್ಡಿ ಸಿಗುತ್ತದೆ.